ಟ್ರಜನ್ ಈಜು ನನಗೆ ಒಲಿದ ಬಗೆ: ನನ್ನ ಅನುಭವ

ಹಿರಿಯರ ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ಟ್ರಜನ್ ಎಂಬ ಹಳೆಯ ಶೈಲಿಯಲ್ಲಿ ಈಜುತ್ತೇನೆ ಎಂದಾಗ ನಮ್ಮ ಕೊಳದ ತರಬೇತುದಾರರು ನಕ್ಕುಬಿಟ್ಟಿದ್ದರು. ಫ್ರೀಸ್ಟೈಲ್‌ನಲ್ಲಿ ಯಾವ ಶೈಲಿಯಲ್ಲಾದರೂ ಈಜಬಹುದೆಂಬುದು ಅವರಿಗೂ ಗೊತ್ತು. ಐವತ್ತು ದಾಟಿದವನೊಬ್ಬ ನೂರು ವರ್ಷಗಳ ಹಿಂದೆಯೇ ಕ್ರಾಲ್‌ಗೆ (ಕಾಲುಗಳನ್ನು ಒಂದಾದ ಮೇಲೊಂದು ಮೇಲೆ ಕೆಳಗೆ ಬಡಿಯುವ ಶೈಲಿ) ಸೋತ ಈಜನ್ನು ಹಿಡಿದು ಕೂತನಲ್ಲ ಎಂಬುದು ಅವರಿಗೆ ತಮಾಷೆಯಾಗಿತ್ತು. ಹೋದ ಬೇಸಿಗೆಯಲ್ಲಿ ನಾನು 1,500 ಮೀಟರನ್ನು ಸುಮಾರು 39 ನಿಮಿಷಗಳಲ್ಲಿ, ಭುಜ ನೋಯದೆ ಮುಗಿಸಿದ ಮೇಲೆ ಅವರೇ ಇಬ್ಬರನ್ನು ನನ್ನ ಬಳಿಗೆ ಕಳುಹಿಸಿದ್ದಾರೆ.

ಸೊಂಟಕ್ಕೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು ನಾನು. ಕಾಲು ಮಡಚಿ ಒದೆಯುವುದು ಮೈಗೆ ಹತ್ತಿತ್ತು. ಕ್ರಾಲ್‌ನ ಬಿಡುವಿಲ್ಲದ ಒದೆತವಾದರೋ ನೂರು ಮೀಟರಿಗೇ ಏದುಸಿರು ತರಿಸುತ್ತಿತ್ತು. ಈ ಈಜಿಗೆ ಹೆಸರು ಕೊಟ್ಟ ಜಾನ್ ಟ್ರಜನ್‌ನ ಕಥೆ ನನ್ನನ್ನು ಹಿಡಿದದ್ದು ಇದೇ ಕಾರಣಕ್ಕೆ. ದಕ್ಷಿಣ ಅಮೆರಿಕದಲ್ಲಿ ಬಾಲಕನಾಗಿದ್ದಾಗ, ಎರಡೂ ತೋಳುಗಳನ್ನು ಒಂದಾದ ಮೇಲೊಂದರಂತೆ ನೀರಿನ ಮೇಲಿಂದ ಬೀಸುವ ಅಲ್ಲಿನ ಮೂಲನಿವಾಸಿಗಳ ಈಜನ್ನು ಕಲಿತಿದ್ದ ಈ ಇಂಗ್ಲಿಷಿನವನು, 1873ರಲ್ಲಿ ಲಂಡನ್ನಿನ ಲ್ಯಾಂಬೆತ್ ಕೊಳದಲ್ಲಿ ಅದನ್ನು ತೋರಿಸಿ ಗೆದ್ದಾಗಲೂ ಕಾಲಿಗೆ ಕಪ್ಪೆ ಒದೆತವನ್ನೇ ಉಳಿಸಿಕೊಂಡಿದ್ದ. ಕಾಲುಗಳನ್ನು ಹಿಂದೆ ಮುಂದೆ ತೆರೆದು ಮುಚ್ಚುವ ಕತ್ತರಿ ಒದೆತ ಕೂಡಿಕೊಂಡದ್ದು ಆಮೇಲೆ. ಆಸ್ಟ್ರೇಲಿಯದ ಫ್ರೆಡರಿಕ್ ಲೇನ್ 1902ರಲ್ಲಿ 100 ಗಜವನ್ನು ಒಂದು ನಿಮಿಷದಲ್ಲಿ ಈಜಿದ್ದೂ ಈ ಜೋಡಿತೋಳಿನ ಬೀಸಿನಲ್ಲೇ. ಹಾಗಾಗಿ ಇದನ್ನು ಮುದುಕರ ಈಜು ಎನ್ನುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಆದರೂ ಮೊದಲ ನಾಲ್ಕು ತಿಂಗಳು ದಂಡವಾದವು. ಟ್ರಜನ್‌ನಂತೆಯೇ ಕಪ್ಪೆ ಒದೆತ ಹಾಕಿದೆ. ಪ್ರತಿ ಒದೆತಕ್ಕೂ ಮೈ ಎಗರಿ, ಹಳ್ಳಕ್ಕಿಳಿದ ಗಾಡಿಯಂತೆ ನಿಂತುಬಿಡುತ್ತಿತ್ತು. ಮೊಣಕಾಲಿನ ಒಳಮಗ್ಗುಲು ಹಿಡಿದುಕೊಂಡು ಫಿಸಿಯೋಥೆರಪಿಗೆ ನಾಲ್ಕು ಸಾವಿರ ಹೋಯಿತು. ಖಾಸಗಿ ತರಬೇತಿಗೆ ಆರು ಸಾವಿರ ತೆತ್ತರೆ, ಹತ್ತು ತರಗತಿಯಲ್ಲೂ ಕ್ರಾಲ್ ಒದೆತವನ್ನೇ ಮಾಡಿಸಿದರು. ಎಲ್ಲಕ್ಕಿಂತ ದುಬಾರಿಯಾದದ್ದು ಮುನ್ನೂರೈವತ್ತರ ಜಲನಿರೋಧಕ ಚೀಲ: ಅದು ಸೋರಿ, ಹನ್ನೊಂದು ಸಾವಿರದ ಫೋನು ನೀರುಪಾಲಾಯಿತು.

ಅದೃಷ್ಟಕ್ಕೆ ಅದರಲ್ಲಿದ್ದ ವಿಡಿಯೊ ಮೆಮೊರಿ ಕಾರ್ಡಿನಲ್ಲಿ ಉಳಿದಿತ್ತು, ತಪ್ಪು ಅದರಲ್ಲೇ ಕಂಡಿತು. ಎಡತೋಳು ಎಳೆಯುತ್ತಿರುವಾಗಲೇ ನನ್ನ ಕಾಲು ಅಗಲಿ, ಎಳೆತಕ್ಕೆ ತಾನೇ ಅಡ್ಡವಾಗುತ್ತಿತ್ತು. ನಾನು ಬಲಕ್ಕೆ ಉಸಿರೆಳೆಯುವವನು. ಬಲತೋಳಿನ ಎಳೆತ ತೊಡೆಯ ಹತ್ತಿರ ಮುಗಿಯುತ್ತ ಮೈ ಎಡಮಗ್ಗುಲಿಗೆ ಹೊರಳಿದಾಗ ಮೇಲಿನ ಕಾಲು ಮುಂದಕ್ಕೆ, ಕೆಳಗಿನದು ಹಿಂದಕ್ಕೆ ಹೋಗಬೇಕು; ಅದೇ ತೋಳು ನೀರಿನ ಮೇಲಿಂದ ಬರುವಾಗ ಕತ್ತರಿ ಮುಚ್ಚಬೇಕು; ಎಡತೋಳಿನ ಸರದಿ ಮುಗಿಯುವವರೆಗೆ ಕಾಲುಗಳು ಜೋಡಿಸಿಕೊಂಡೇ ಇರಬೇಕು. ಎರಡು ಮೊಣಕಾಲುಗಳ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರ ನನಗೆ ಒಗ್ಗಲಿಲ್ಲ. ಮುಚ್ಚುವ ಕ್ಷಣವನ್ನು ಹಿಡಿಯಲು ನಾನು ಹಾಕುವ ಎಣಿಕೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಂಟು ತಿಂಗಳ ದುಡಿಮೆ ಅದು. 25 ಮೀಟರಿಗೆ 26ರಷ್ಟಿದ್ದ ತೋಳುಬೀಸು ಈಗ 19ಕ್ಕೋ 20ಕ್ಕೋ ಇಳಿದಿದೆ.

ನಡುವೆ ಕತ್ತರಿಗಳ ಮಧ್ಯದಲ್ಲಿ ಎರಡು ಸಣ್ಣ ಕ್ರಾಲ್ ಒದೆತಗಳನ್ನೂ ಸೇರಿಸಿ ನೋಡಿದೆ. ವೇಗವೇನೋ ಬಂತು, ಆದರೆ 400 ಮೀಟರಿಗೆ ಹಳೆಯ ಏದುಸಿರೂ ಮರಳಿತು. ಕಾಲಿಗೆ ಹಾಕುವ ರಬ್ಬರಿನ ಈಜುರೆಕ್ಕೆಗಳಲ್ಲಿ (ಫಿನ್) ಕತ್ತರಿ ಮುಚ್ಚುವುದೇ ತಡವಾಗುತ್ತದೆ. ಅವು ಅಟ್ಟ ಸೇರಿವೆ. ಇನ್ನು ಬಗೆಹರಿಯದಿರುವುದು ಕೆರೆಯ ಗಾಳಿ. ಬಲಗಡೆಯಿಂದ ಅಲೆ ಬಂದರೆ ಉಸಿರಿನ ಬದಲು ನೀರೇ ಬಾಯಿಗೆ ಬರುತ್ತದೆ, ಎಡಕ್ಕೆ ಹೊರಳಿದರೆ ಕಾಲುಗಳ ಸರದಿಯೆಲ್ಲ ತಲೆಕೆಳಗಾಗುತ್ತದೆ. ಅದಕ್ಕೆಂದೇ ಇನ್ನೂ ಮೂರು ತಿಂಗಳ ಶುಲ್ಕ ಕಟ್ಟಿದ್ದೇನೆ.