ಹಳೆಯ ಪಿಸಿಯಲ್ಲಿ ನಾಲ್ಕು ವಿಎಂ: ಮೊದಲು ರ‍್ಯಾಮ್, ಆಮೇಲೆ ಎಸ್‌ಎಸ್‌ಡಿ

ನನ್ನ ಡೆಸ್ಕ್‌ಟಾಪ್‌ನಲ್ಲಿ ಇರುವುದು ರೈಜನ್ 5 2600. 2018ರ ಪ್ರೊಸೆಸರ್, 6 ಕೋರ್, 12 ಥ್ರೆಡ್. ಜೊತೆಗೆ ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 1 ಟಿಬಿ ಹಾರ್ಡ್ ಡಿಸ್ಕ್. ಮನೆ ಕೆಲಸಕ್ಕೆ ಇಷ್ಟು ಸಾಕಾಗಿತ್ತು. ಆದರೆ ಕುಬರ್ನೆಟಿಸ್ (ಹಲವು ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಕಲಿಯೋಕೆ ಮೂರು ಉಬುಂಟು ಸರ್ವರ್ ಬೇಕಾಯಿತು. ಜೊತೆಗೊಂದು ವಿಂಡೋಸ್ ಕೂಡ. ನಾಲ್ಕೂ ವಿಎಂ (ವರ್ಚುವಲ್ ಮೆಷಿನ್), ಅಂದರೆ ಒಂದೇ ಪಿಸಿಯೊಳಗೆ ಸಾಫ್ಟ್‌ವೇರ್‌ನಿಂದ ಕಟ್ಟಿದ ಬೇರೆ ಬೇರೆ ಕಂಪ್ಯೂಟರ್. ಮನೆಯಲ್ಲಿ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು ರಾಶಿ ಬಿದ್ದಿವೆ. ಅವನ್ನು ತೆರೆದು ಬದಲಾಯಿಸೋಕೆ ವಿಂಡೋಸ್ ಇದ್ದರೇನೇ ಸಲೀಸು. ಪಿಸಿಯ ಮೂಲ ಓಎಸ್ ಲಿನಕ್ಸ್, ವಿಎಂ ಓಡಿಸುವುದು ಲಿನಕ್ಸ್‌ನಲ್ಲೇ ಇರುವ ಕೆವಿಎಂ.

ನಾಲ್ಕನ್ನೂ ಒಟ್ಟಿಗೆ ಶುರು ಮಾಡಿದರೆ ಮೌಸ್ ಕೂಡ ಅಲುಗಾಡುತ್ತಿರಲಿಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ‘ಪ್ರೊಸೆಸರ್ ಹಳೇದಾಯ್ತು, ಬದಲಾಯಿಸಿ’. ನಾನು ಕೈಗೆ ದುಡ್ಡು ತೆಗೆಯುವ ಮೊದಲು ಅಳೆದು ನೋಡಿದೆ. ವಿಎಂಸ್ಟ್ಯಾಟ್ ಕಮಾಂಡ್ ಓಡಿಸಿ ಸ್ವಾಪ್‌ನ (ರ‍್ಯಾಮ್ ಸಾಲದಾಗ ಅದರಲ್ಲಿರುವುದನ್ನು ಡಿಸ್ಕ್‌ಗೆ ಸಾಗಿಸುವುದು) ಎರಡು ಕಾಲಂ ನೋಡಿದರೆ ಮೆಮೊರಿ ಒಂದೇ ಸಮನೆ ಡಿಸ್ಕ್‌ಗೆ ಹೋಗಿ ಬಂದು ಮಾಡುತ್ತಿತ್ತು. ಐಒಸ್ಟ್ಯಾಟ್‌ನಲ್ಲಿ ಡಿಸ್ಕ್ 100 ಪರ್ಸೆಂಟ್ ಬ್ಯುಸಿ. ಪ್ರೊಸೆಸರ್ ಮಾತ್ರ ಬಹುಪಾಲು ಖಾಲಿ ಕೂತು ಡಿಸ್ಕ್‌ಗಾಗಿ ಕಾಯುತ್ತಿತ್ತು.

ಲೆಕ್ಕ ಹಾಕಿದರೆ ಇದು ಆಶ್ಚರ್ಯವೇನಲ್ಲ. ಕುಬರ್ನೆಟಿಸ್ ಹೂಡಿಕೊಡುವ ಕುಬ್ಅಡ್ಮಿನ್ ಪ್ರತಿ ಯಂತ್ರಕ್ಕೂ ಕನಿಷ್ಠ 2 ಜಿಬಿ ಕೇಳುತ್ತದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ. ಅಲ್ಲಿಗೇ 10 ಆಯಿತು. ಮೂಲ ಓಎಸ್ ಮತ್ತು ಬ್ರೌಸರ್‌ಗೆ ಬೇರೆ ಬೇಕಲ್ವಾ? ಇದ್ದದ್ದು 8.

ಇಲ್ಲೊಂದು ಸೂಕ್ಷ್ಮ ಇದೆ. ಕುಬರ್ನೆಟಿಸ್ ನೋಡ್‌ಗಳಲ್ಲಿ (ಇಲ್ಲಿ ಆ ಮೂರು ಉಬುಂಟು ವಿಎಂ) ಸ್ವಾಪ್ ಆಫ್ ಮಾಡಿರುತ್ತೇವೆ, ಇಲ್ಲದಿದ್ದರೆ ಪ್ರತಿ ನೋಡ್‌ನಲ್ಲೂ ಓಡಬೇಕಾದ ಕುಬ್‌ಲೆಟ್ ಪ್ರೋಗ್ರಾಂ ಸಾಮಾನ್ಯವಾಗಿ ಶುರುವಾಗುವುದೇ ಇಲ್ಲ. ಆದರೆ ಹೋಸ್ಟ್‌ನಲ್ಲಿ (ವಿಎಂಗಳನ್ನು ಹೊತ್ತ ಪಿಸಿಯಲ್ಲಿ) ಸ್ವಾಪ್ ನಡೆಯುತ್ತಿದ್ದರೆ ವಿಎಂಗೆ ಅದು ಗೊತ್ತೇ ಆಗುವುದಿಲ್ಲ. ತನ್ನ ಹತ್ತಿರ ರ‍್ಯಾಮ್ ಇದೆ ಅಂತಲೇ ಅದು ನಂಬಿರುತ್ತದೆ. ಆ ರ‍್ಯಾಮ್ ನಿಜಕ್ಕೂ ಹಾರ್ಡ್ ಡಿಸ್ಕ್ ಮೇಲೆ ಕೂತಿರುತ್ತದೆ! ವಿಎಂ ಒಳಗೆ ಹುಡುಕಿದರೆ ಕಾರಣ ಸಿಗುವುದೇ ಇಲ್ಲ. ಹೋಸ್ಟ್‌ನಲ್ಲೇ ನೋಡಬೇಕು.

ಹಾಗಾಗಿ ಮೊದಲು ಕೊಂಡದ್ದು ರ‍್ಯಾಮ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 16 ಜಿಬಿಯ ಎರಡು ಸ್ಟಿಕ್ ಇರುವ ಡಿಡಿಆರ್4 ಕಿಟ್ ತಗೊಂಡೆ. ಅಂಗಡಿಯವರು ‘ಸರ್, ವಿಎಂಗೆ ಅಂದ್ರೆ ಗ್ರಾಫಿಕ್ಸ್ ಕಾರ್ಡೂ ದೊಡ್ಡದು ಹಾಕ್ಸಿ’ ಅಂದರು. ಸರ್ವರ್ ವಿಎಂಗಳಿಗೆ ಅದರಿಂದ ಏನೂ ಪ್ರಯೋಜನವಿಲ್ಲ, ನಕ್ಕು ಸುಮ್ಮನಾದೆ. ಜಿಎಸ್‌ಟಿ ಬಿಲ್ ಮಾತ್ರ ಬಿಡಬೇಡಿ. ವಾರಂಟಿಗೆ ಹೋದಾಗ ಮೊದಲು ಕೇಳುವುದೇ ಅದನ್ನು.

ಹಳೆಯ 8 ಜಿಬಿ ಸ್ಟಿಕ್ ಅನ್ನು ತೆಗೆದಿಟ್ಟೆ. ಬೇರೆ ಬೇರೆ ಕಿಟ್‌ನ ಸ್ಟಿಕ್ ಬೆರೆಸಿದರೆ ಕೆಲವೊಮ್ಮೆ ತಕರಾರು, ಸ್ಟಿಕ್ ಜಾಸ್ತಿಯಾದಷ್ಟೂ ವೇಗವೂ ಇಳಿಯುತ್ತದೆ. ಹೊಸ ಎರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿದೆ, ಎರಡೂ ಸ್ಟಿಕ್ ಒಟ್ಟಿಗೆ ಡೇಟಾ ಸಾಗಿಸುವ ಡ್ಯುಯಲ್ ಚಾನೆಲ್ ಸಿಗಲಿ ಅಂತ. ಕಿಟ್ ಮೇಲೆ ವೇಗ 3200 ಅಂತ ಬರೆದಿದ್ದರೂ ಈ ಪ್ರೊಸೆಸರ್‌ನ ಅಧಿಕೃತ ಮಿತಿ 2933. ಅಷ್ಟಕ್ಕೇ ಇಟ್ಟೆ. ವಿಎಂ ಕೆಲಸಕ್ಕೆ ವೇಗಕ್ಕಿಂತ ಸ್ಥಿರತೆ ಮುಖ್ಯ. ರಾತ್ರಿ ಪೂರ್ತಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ಒಂದೂ ಎರರ್ ಇಲ್ಲ ಅಂತ ನೋಡಿಕೊಂಡೆ.

ಎಸ್‌ಎಸ್‌ಡಿಯನ್ನು ಬೇಕಂತಲೇ ಅದೇ ದಿನ ಹಾಕಲಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಎಷ್ಟು ಲಾಭ ಅಂತ ಗೊತ್ತಾಗಲ್ಲ. ರ‍್ಯಾಮ್ ಬಂದ ಮೇಲೆ ಸ್ವಾಪ್ ನಿಂತಿತು, ಮೌಸ್ ಓಡಾಡಿತು. ಆದರೂ ನಾಲ್ಕು ವಿಎಂ ಒಟ್ಟಿಗೆ ಬೂಟ್ ಆಗುವಾಗ ಅದೇ ಪಾಡು. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಚದುರಿದ ಡೇಟಾವನ್ನು ಓದುವಾಗ ಸೆಕೆಂಡಿಗೆ ಸುಮಾರು 100 ಕೋರಿಕೆ ಮುಗಿಸಿದರೆ ಹೆಚ್ಚು. ಒಂದೇ ಕೌಂಟರ್ ಮುಂದೆ ನಾಲ್ಕು ಊರಿನ ಜನ ಸಾಲು ನಿಂತ ಹಾಗೆ.

ಜಾಸ್ತಿ ಒದ್ದಾಡಿದ್ದು ಇಟಿಸಿಡಿ. ಕುಬರ್ನೆಟಿಸ್‌ನ ಎಲ್ಲ ಸ್ಥಿತಿಯನ್ನು ಬರೆದಿಡುವ ಡೇಟಾಬೇಸ್ ಅದು. ಪ್ರತಿ ಬದಲಾವಣೆಯೂ ನಿಜವಾಗಿ ಡಿಸ್ಕ್‌ಗೆ ತಲುಪಿತು ಅಂತ ಖಾತ್ರಿಯಾಗದೆ ಅದು ಮುಂದೆ ಹೋಗುವುದಿಲ್ಲ. ಡಿಸ್ಕ್ ನಿಧಾನವಾದರೆ ‘ಟುಕ್ ಟೂ ಲಾಂಗ್’ ಅಂತ ಲಾಗ್ ತುಂಬ ಗೊಣಗುತ್ತದೆ. ಕ್ಲಸ್ಟರ್ (ನೋಡ್‌ಗಳ ಗುಂಪು) ಕೆಟ್ಟಿದೆ ಅಂತ ನಾವು ಕುಬರ್ನೆಟಿಸ್ ಸೆಟ್ಟಿಂಗ್ ತಿದ್ದುತ್ತಾ ಕೂರುತ್ತೇವೆ, ಪಾಪ ಅದರ ತಪ್ಪೇನೂ ಇರುವುದಿಲ್ಲ.

ಆಮೇಲೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದೆ. ಬಿ450ಯಲ್ಲಿ ಅದು ಕೂರುವ ಎಂ.2 ಸ್ಲಾಟ್ ಪಿಸಿಐಇ 3.0 ಮಟ್ಟದ್ದು. 4.0 ಎಸ್‌ಎಸ್‌ಡಿ ಹಾಕಿದರೂ 3.0 ವೇಗವೇ ಸಿಗುವುದು. ಅದಕ್ಕೆ ಹೆಚ್ಚು ಕೊಡುವ ಬದಲು ಟಿಎಲ್‌ಸಿ (ಒಂದು ಸೆಲ್‌ನಲ್ಲಿ 3 ಬಿಟ್) ಚಿಪ್ ಇರುವುದನ್ನು ನೋಡಿ ತಗೊಂಡೆ. ಅಗ್ಗದ ಕ್ಯುಎಲ್‌ಸಿ (ಸೆಲ್‌ಗೆ 4 ಬಿಟ್) ಡ್ರೈವ್‌ಗಳು ಕ್ಯಾಶ್ ತುಂಬಿದ ಮೇಲೆ ಬರೆಯುವಾಗ ತುಂಬ ನಿಧಾನವಾಗುತ್ತವೆ. ದೊಡ್ಡ ಡಿಸ್ಕ್ ಇಮೇಜ್ ಕಾಪಿ ಮಾಡುವಾಗ ಅದು ಎದ್ದು ಕಾಣುತ್ತದೆ. ಮೂಲ ಓಎಸ್, ವಿಎಂ ಇಮೇಜ್‌ಗಳು ಹೊಸ ಡ್ರೈವ್‌ಗೆ ಹೋದವು. ಹಾರ್ಡ್ ಡಿಸ್ಕ್ ಈಗ ಬ್ಯಾಕಪ್‌ಗೆ, ಓಎಸ್ ಇನ್‌ಸ್ಟಾಲ್ ಮಾಡುವ ಐಎಸ್ಒ ಫೈಲುಗಳಿಗೆ. ಪಿಸಿ ಆಗಲೇ ಹಗುರವಾಯಿತು. ಇಟಿಸಿಡಿ ಗೊಣಗಾಟವೂ ನಿಂತಿತು.

ಹಾರ್ಡ್‌ವೇರ್ ಜೊತೆಗೆ ಕೆಲವು ಸೆಟ್ಟಿಂಗ್ ಸರಿಯಿರಬೇಕು. ಬಯಾಸ್‌ನಲ್ಲಿ, ವಿಎಂ ಓಡಿಸಲು ಪ್ರೊಸೆಸರ್‌ನ ನೆರವು ಕೊಡಿಸುವ ಎಸ್‌ವಿಎಂ ಮೋಡ್ ಆನ್ ಇರಬೇಕು, ಇಂಟೆಲ್ ಆದರೆ ವಿಟಿ-ಎಕ್ಸ್. ಎಷ್ಟೋ ಬೋರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಡಿಸ್ಕ್ ಮತ್ತು ನೆಟ್‌ವರ್ಕ್ ಎರಡಕ್ಕೂ ವಿಎಂಗಳಿಗೆಂದೇ ಮಾಡಿದ ವರ್ಟ್‌ಐಒ ಆರಿಸಿಕೊಳ್ಳಿ. ವಿಂಡೋಸ್‌ಗೆ ಆ ಡ್ರೈವರ್‌ನ ಐಎಸ್ಒ ಬೇರೆಯಾಗಿ ಕೊಡಬೇಕು, ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಕಾಣುವುದೇ ಇಲ್ಲ. ಡಿಸ್ಕಾರ್ಡ್ ಅನ್ನುವ ಆಯ್ಕೆಯನ್ನು ಅನ್‌ಮ್ಯಾಪ್ ಅಂತ ಇಟ್ಟರೆ ವಿಎಂ ಒಳಗೆ ಅಳಿಸಿದ ಜಾಗ ಹೋಸ್ಟ್‌ಗೂ ವಾಪಸ್ ಸಿಗುತ್ತದೆ. ಇನ್ನು ವಿಸಿಪಿಯು, ಅಂದರೆ ವಿಎಂಗೆ ಕಾಣುವ ಪ್ರೊಸೆಸರ್‌ಗಳ ಸಂಖ್ಯೆ. 12 ಥ್ರೆಡ್ ಇದೆ ಅಂತ ಪ್ರತಿ ವಿಎಂಗೂ 8 ಕೊಟ್ಟರೆ ಒಂದಕ್ಕೊಂದು ಸರದಿ ಕಾದು ಎಲ್ಲವೂ ನಿಧಾನ. ನಾನು ಉಬುಂಟುಗಳಿಗೆ ತಲಾ 2, ವಿಂಡೋಸ್‌ಗೆ 4 ಕೊಟ್ಟಿದ್ದೇನೆ. ಮೆಮೊರಿ ಉಬುಂಟುಗಳಿಗೆ ತಲಾ 4 ಜಿಬಿ, ವಿಂಡೋಸ್‌ಗೆ 8. ಉಳಿದ 12 ಹೋಸ್ಟ್‌ಗೆ.

ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೆ ಹೇಳೋಕಾಗಲ್ಲ. ಪಿಸಿ ಒಮ್ಮೆಲೇ ಆಫ್ ಆದರೆ ಒಂದಲ್ಲ, ಹೋಸ್ಟ್‌ನದೂ ಸೇರಿ ಐದು ಓಎಸ್‌ಗಳ ಫೈಲ್ ಸಿಸ್ಟಂ ಒಟ್ಟಿಗೆ ಏಟು ತಿನ್ನುತ್ತವೆ. ಯುಪಿಎಸ್ ಕೂಡ ಈ ಅಪ್‌ಗ್ರೇಡ್‌ನ ಭಾಗ ಅಂತಲೇ ಲೆಕ್ಕ ಹಾಕಿ.

ಪ್ರೊಸೆಸರ್ ಹಳೆಯದೇ ಇದೆ. ಬಯಾಸ್ ಅಪ್‌ಡೇಟ್ ಮಾಡಿದರೆ ಇದೇ ಬೋರ್ಡ್‌ಗೆ 8 ಕೋರ್‌ನ ರೈಜನ್ 7 5700ಎಕ್ಸ್ ಕೂರುತ್ತದೆ, ಅದೂ ಈಗಿನದರಂತೆ 65 ವ್ಯಾಟ್‌ನದೇ. ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರಿ ಕೂತಿದೆ, ಹಾಗಾಗಿ ಇನ್ನಷ್ಟು ಮೆಮೊರಿ ಸದ್ಯಕ್ಕೆ ಬೇಡ. ಪ್ರೊಸೆಸರ್ ಬೇಕೋ ಬೇಡವೋ ಅಂತ ನಾನು ನೋಡುವುದು ವಿಎಂ ಒಳಗಿನ ಟಾಪ್ ಕಮಾಂಡ್‌ನಲ್ಲಿ. ಅಲ್ಲಿ ‘ಎಸ್‌ಟಿ’ ಅನ್ನುವ ಅಂಕಿ ಇರುತ್ತದೆ. ತನಗೆ ಬೇಕಾದಾಗ ಹೋಸ್ಟ್‌ನಿಂದ ಪ್ರೊಸೆಸರ್ ಸಿಗದೆ ವಿಎಂ ಕಾದ ಸಮಯ ಅದು. ನನ್ನಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲೇ ಇದೆ.