ಹಳೆಯ ಸೆಸ್ನಾ 172: ಆಯಿಲ್, ವಾಲ್ವ್, ಸೀಟಿನ ಹಳಿ ಮೊದಲು, ಹೊಸ ಪರದೆ ಆಮೇಲೆ

ಸೆಸ್ನಾ 172 ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ಸಣ್ಣ ವಿಮಾನ. 1968ರಿಂದ 1976ರವರೆಗಿನವುಗಳಲ್ಲಿ ಇರುವುದು 150 ಅಶ್ವಶಕ್ತಿಯ ಲೈಕಮಿಂಗ್ ಓ-320-ಇ2ಡಿ ಎಂಜಿನ್. ಅಮೆರಿಕದ ಖಾಸಗಿ ಹ್ಯಾಂಗರುಗಳಲ್ಲಿ ಇಂದಿಗೂ ಇವು ಸಾಕಷ್ಟಿವೆ. ಈ ಎಂಜಿನ್ ಹಾರಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ವಾಲ್ವ್‌ಗಳನ್ನು ತೆರೆಸುವ ದಂಡವಾದ ಕ್ಯಾಮ್‌ಶಾಫ್ಟ್, ಪ್ರೊಪೆಲ್ಲರನ್ನು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿಗಿಂತ ಇದರಲ್ಲಿ ಮೇಲಿದೆ. ವಾರಗಟ್ಟಲೆ ನಿಂತರೆ ಅದರ ಮೇಲಿನ ಆಯಿಲ್ ಜಾರಿ ಇಳಿದು, ಕ್ಯಾಮಿನ ಉಬ್ಬುಗಳಾದ ಲೋಬುಗಳಿಗೆ ತೇವ ತಾಗಿ ತುಕ್ಕು ಹಿಡಿಯುತ್ತದೆ. ಆ ತುಕ್ಕೇ ಮುಂದೆ ಲೋಬುಗಳ ಮೇಲೆ ಆಡುವ ಲಿಫ್ಟರುಗಳನ್ನು ಉಜ್ಜಿ ಹಾಳುಮಾಡುತ್ತದೆ. ನೆಲದ ಮೇಲೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಉಪಯೋಗವಿಲ್ಲ, ಕೇಡೇ ಹೆಚ್ಚು: ದಹನದಲ್ಲಿ ಹುಟ್ಟುವ ನೀರು ಒಳಗೆ ಸೇರುತ್ತದೆ, ಆವಿಯಾಗುವಷ್ಟು ಬಿಸಿ ಏರುವುದಿಲ್ಲ. ಸಾಧ್ಯವಾದರೆ ವಾರಕ್ಕೊಮ್ಮೆ, ಆಯಿಲ್ ತಾಪ 82 ಡಿಗ್ರಿ ಸೆಲ್ಸಿಯಸ್ ಆಸುಪಾಸು ತಲುಪಿದ ಮೇಲೆ ಅರ್ಧ ಗಂಟೆಯಾದರೂ ಹಾರಿಸಿ.

ಆಯಿಲ್ ಬದಲಾವಣೆಗೆ ಲೆಕ್ಕ ಸರಳ. ಆಯಿಲ್ ಸೋಸಲು ಬರೀ ಜಾಲರಿ ಇದ್ದರೆ 25 ಹಾರಾಟದ ಗಂಟೆ, ಪೂರ್ಣ ಹರಿವಿನ ಫಿಲ್ಟರ್ ಇದ್ದರೆ 50 ಗಂಟೆ. ಹಾರಾಟ ಕಡಿಮೆಯಿದ್ದರೂ ನಾಲ್ಕು ತಿಂಗಳು ದಾಟಬಾರದು. ನಿಮ್ಮದರಲ್ಲಿ ಇನ್ನೂ ಜಾಲರಿಯೇ ಇದ್ದರೆ, ಫಿಲ್ಟರ್ ಅಡಾಪ್ಟರ್ ಹಾಕಿಸುವುದೇ ಈ ಎಂಜಿನ್ನಿಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆ. ಹಾರಿ ಇಳಿದು ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಇಳಿಸಿ. ಕೊಳೆ ಆಯಿಲಿನಲ್ಲಿ ತೇಲುತ್ತಿರುವಾಗಲೇ ಹೊರಬರುತ್ತದೆ. ಹೊಸ ಫಿಲ್ಟರಿನ ಗ್ಯಾಸ್ಕೆಟ್‌ಗೆ ಡಿಸಿ-4 ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, 16ರಿಂದ 18 ಅಡಿ-ಪೌಂಡ್ ಬಿಗಿದು, ಅದು ಸಡಿಲವಾಗದಂತೆ 0.032 ಇಂಚಿನ ಸೇಫ್ಟಿ ವೈರ್ ಕಟ್ಟಿ. ಎಂಜಿನ್ ತಳದ ಆಯಿಲ್ ತೊಟ್ಟಿ 8 ಕ್ವಾರ್ಟ್ (ಸುಮಾರು 7.6 ಲೀಟರ್) ಹಿಡಿಯುತ್ತದೆ. ಆದರೆ ಅಂಚಿನವರೆಗೆ ತುಂಬಿದರೆ ಮೇಲಿನದು ಎಂಜಿನ್ನಿನ ಗಾಳಿ ಹೊರಬಿಡುವ ಬ್ರೀದರ್ ಕೊಳವೆಯಿಂದ ಹೊರಬಿದ್ದು ವಿಮಾನದ ಹೊಟ್ಟೆಗೆ ಬಳಿದುಕೊಳ್ಳುತ್ತದೆ. ಹಾಗಾಗಿ ಎಷ್ಟೋ ಮಾಲೀಕರು 6-7ರಲ್ಲೇ ನಿಲ್ಲಿಸುತ್ತಾರೆ. ಒಂದೆರಡು ನಿಮಿಷ ಓಡಿಸಿ ಸೋರಿಕೆ ನೋಡಿದ ಮೇಲೆಯೇ ಎಂಜಿನ್ನಿನ ಹೊದಿಕೆಯಾದ ಕೌಲಿಂಗ್ ಮುಚ್ಚಿ.

ಹಳೆಯ ಫಿಲ್ಟರನ್ನು ಎಸೆಯುವ ಮುನ್ನ ಸೀಳಿ ನೋಡಲೇಬೇಕು. ಗರಗಸ ಬೇಡ, ಅದರ ಪುಡಿಯೇ ಒಳಗೆ ಬೀಳುತ್ತದೆ. ಫಿಲ್ಟರ್ ಕಟರ್ ಬಳಸಿ. ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ, ಕಂಡ ಚೂರುಗಳ ಮೇಲೆ ಅಯಸ್ಕಾಂತ ಆಡಿಸಿ. ಅಂಟಿಕೊಂಡರೆ ಉಕ್ಕು: ಮೊದಲ ಅನುಮಾನ ಕ್ಯಾಮ್ ಮತ್ತು ಲಿಫ್ಟರುಗಳ ಮೇಲೆ. ಅಂಟದ ಬೆಳ್ಳಿ ಬಣ್ಣದ ಚೂರಾದರೆ ಅಲ್ಯುಮಿನಿಯಂ: ಪಿಸ್ಟನ್ ಅಥವಾ ಪಿಸ್ಟನ್ ಪಿನ್ನಿನ ಪ್ಲಗ್ ಸವೆಯುತ್ತಿರಬಹುದು.

ಕಂಪ್ರೆಷನ್ ಪರೀಕ್ಷೆಗೆ ಮೆಕ್ಯಾನಿಕ್ ಜೊತೆಗಿರಲಿ. ಬಿಸಿ ಎಂಜಿನ್ನಿನ ಪ್ರತಿ ಸಿಲಿಂಡರಿಗೂ 80 ಪಿಎಸ್‌ಐ ಗಾಳಿ ಕೊಟ್ಟು ಎಷ್ಟು ಉಳಿಯುತ್ತದೆಂದು ಓದಬೇಕು. 70ಕ್ಕಿಂತ ಮೇಲಿದ್ದು ಸಿಲಿಂಡರುಗಳ ನಡುವೆ ಹೆಚ್ಚು ಅಂತರವಿಲ್ಲದಿದ್ದರೆ ಸರಿ. 70ಕ್ಕಿಂತ ಇಳಿದರೆ ಅಥವಾ ಅಂತರ 10-15 ದಾಟಿದರೆ ಒಮ್ಮೆ ಹಾರಿಸಿ ಬಂದು ಮತ್ತೆ ಅಳೆಯಿರಿ. 60ಕ್ಕಿಂತ ಕೆಳಗೆ ಹೋದರೆ ಸಿಲಿಂಡರ್ ಬಿಚ್ಚುವ ಮಾತು. ಗಾಳಿ ಎಲ್ಲಿ ಸುಯ್ಯೆನ್ನುತ್ತದೆ ಎಂದು ಕಿವಿಗೊಡಿ: ಎಕ್ಸಾಸ್ಟ್ ಕೊಳವೆಯಲ್ಲಾದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಾದರೆ ಇನ್‌ಟೇಕ್ ವಾಲ್ವ್, ಆಯಿಲ್ ತುಂಬುವ ಬಾಯಲ್ಲಾದರೆ ಪಿಸ್ಟನ್ ರಿಂಗುಗಳು. ಸಿಲಿಂಡರಿನ ಒಳವ್ಯಾಸ (ಬೋರ್) 5.125 ಇಂಚು ಇರುವುದರಿಂದ ಪಿಸ್ಟನ್ ಮೇಲೆ ಬೀಳುವ ಬಲ ಸುಮಾರು 750 ಕೆಜಿ. ಪಿಸ್ಟನ್ ತುತ್ತತುದಿಯಿಂದ ಕೊಂಚ ಸರಿದರೂ ಪ್ರೊಪೆಲ್ಲರ್ ತಿರುಗಿ ಬಡಿಯುತ್ತದೆ. ಅದನ್ನು ಹಿಡಿದು ನಿಲ್ಲಲೆಂದೇ ಒಬ್ಬರು ಬೇಕು.

ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ತಡವರಿಸಿ, ಬಿಸಿಯಾದ ಮೇಲೆ ನೆಟ್ಟಗಾದರೆ ಅದನ್ನು ಚಳಿಗೆ ಹಚ್ಚಿ ಬಿಡಬೇಡಿ. ವಾಲ್ವ್ ಗೈಡಿನಲ್ಲಿ, ಅಂದರೆ ವಾಲ್ವ್ ಆಡುವ ಕೊಳವೆಯಲ್ಲಿ, ಇಂಧನದ ಸೀಸ-ಇಂಗಾಲ ಕಟ್ಟಿ ಎಕ್ಸಾಸ್ಟ್ ವಾಲ್ವ್ ಸಿಕ್ಕಿಕೊಳ್ಳುತ್ತಿರುವ ಸೂಚನೆ ಅದು. ಗೈಡ್ ಶುಚಿಮಾಡುವವರೆಗೆ ಹಾರಬಾರದು.

ಸ್ಪಾರ್ಕ್ ಪ್ಲಗ್‌ಗಳಲ್ಲಿ ಸೀಸ ಕಟ್ಟುವುದು ಹೆಚ್ಚಾಗಿ ಕೆಳಗಿನವಕ್ಕೆ, ಆದ್ದರಿಂದ ಮೇಲು-ಕೆಳಗು ಬದಲಿಸುತ್ತಿರಿ. ದಪ್ಪ ಎಲೆಕ್ಟ್ರೋಡಿನವಕ್ಕೆ 0.016ರಿಂದ 0.021 ಇಂಚು ಅಂತರ, ಪ್ರತಿ ಸಲ ಹೊಸ ತಾಮ್ರದ ಗ್ಯಾಸ್ಕೆಟ್, ಬಿಗಿತ 30ರಿಂದ 35 ಅಡಿ-ಪೌಂಡ್. ಮಲ್ಟಿಮೀಟರಿನಲ್ಲಿ 5,000 ಓಮ್ ದಾಟಿದ್ದನ್ನೂ ಕೈಜಾರಿ ನೆಲಕ್ಕೆ ಬಿದ್ದದ್ದನ್ನೂ ಮತ್ತೆ ಹಾಕಬೇಡಿ.

ಇನ್ನು ಸೀಟಿನ ಹಳಿ. ಹಳಿಯ ತೂತು ಸವೆದು ಸೀಟನ್ನು ಹಿಡಿದಿಡುವ ಪಿನ್ ಕಳಚಿದರೆ, ಟೇಕಾಫ್‌ನಲ್ಲಿ ಸೀಟು ಹಿಂದಕ್ಕೆ ಜಾರುತ್ತದೆ. ಆಧಾರಕ್ಕೆ ಯೋಕ್ (ವಿಮಾನದ ಹಿಡಿ) ಹಿಡಿದೆಳೆದ ಪೈಲಟ್ ವಿಮಾನವನ್ನು ಸ್ಟಾಲ್ ಮಾಡುತ್ತಾನೆ, ಅಂದರೆ ಮೂತಿ ಮೇಲೆದ್ದು ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುತ್ತವೆ. ಇದರಿಂದ ಜೀವ ಹೋಗಿವೆ. 100 ಗಂಟೆ ಅಥವಾ 12 ತಿಂಗಳಿಗೊಮ್ಮೆ ಪರೀಕ್ಷೆ ಕಡ್ಡಾಯ, ಸೀಟು ಜಾರದಂತೆ ತಡೆಯುವ ಎರಡನೆಯ ಸ್ಟಾಪ್ ಕೂಡ ಹಾಕಿಸಿ. ಭುಜದ ಬೆಲ್ಟ್ ಕಡ್ಡಾಯವಾದದ್ದು 1978ರ ಜುಲೈ 18ರ ನಂತರ ತಯಾರಾದ ಸಣ್ಣ ವಿಮಾನಗಳಿಗೆ. ನಿಮ್ಮದಕ್ಕೆ ಸೊಂಟದ ಬೆಲ್ಟ್ ಮಾತ್ರ ಇದ್ದರೆ, ಬೇರೆಲ್ಲಾ ಖರ್ಚಿಗಿಂತ ಮುಂಚೆ ಭುಜದ ಬೆಲ್ಟ್ ಹಾಕಿಸಿ.

ಪರದೆಗಳ ಸರದಿ ಇದರ ನಂತರ. ಗೈರೊ ಉಪಕರಣಗಳನ್ನು ತಿರುಗಿಸುವ ಒಣ ವ್ಯಾಕ್ಯೂಮ್ ಪಂಪಿನ ಇಂಗಾಲದ ರೆಕ್ಕೆಗಳು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಸ್ವಂತ ಬ್ಯಾಟರಿಯಿರುವ ಗಾರ್ಮಿನ್ ಜಿ5 ಎಲೆಕ್ಟ್ರಾನಿಕ್ ಪರದೆ ಎರಡನ್ನು ಕೃತಕ ದಿಗಂತ ಮತ್ತು ದಿಕ್ಕಿನ ಗೈರೊ ಜಾಗದಲ್ಲಿ ಕೂರಿಸಿದರೆ ಆ ಪಂಪನ್ನೇ ತೆಗೆಯಬಹುದು. 25 ಗಂಟೆ ಬಾಳಿಕೆಯ 100 ವ್ಯಾಟ್ 4509 ಲ್ಯಾಂಡಿಂಗ್ ದೀಪದ ಬದಲು ಅನುಮೋದಿತ ಎಲ್‌ಇಡಿ ಹಾಕಿ. ಹಳೆಯ 12 ವೋಲ್ಟ್ ವ್ಯವಸ್ಥೆಯ ಹೊರೆಯೂ ಇಳಿಯುತ್ತದೆ.

ಅಮೆರಿಕದಲ್ಲಿ ಆಯಿಲ್, ಪ್ಲಗ್, ಟೈರ್, ಬ್ಯಾಟರಿ ಬದಲಾವಣೆಯನ್ನು ಪೈಲಟ್ ಮಾಲೀಕರೇ ಮಾಡಬಹುದು. ಲಾಗ್‌ಬುಕ್ಕಿನಲ್ಲಿ ಕೆಲಸದ ವಿವರ, ದಿನಾಂಕ, ಸಹಿ, ಪೈಲಟ್ ಸರ್ಟಿಫಿಕೇಟಿನ ವಿಧ ಮತ್ತು ಸಂಖ್ಯೆ ಬರೆಯಬೇಕು. ಪ್ಯಾನೆಲ್‌ನಿಂದ ಉಪಕರಣ ತೆಗೆದರೆ ಅಥವಾ ಸೇರಿಸಿದರೆ, ತೂಕ-ಸಮತೋಲನದ ಹೊಸ ಹಾಳೆ ವಿಮಾನದೊಳಗೆ ಬರುವವರೆಗೆ ಅದನ್ನು ಹ್ಯಾಂಗರಿನಿಂದ ಹೊರತೆಗೆಯಬೇಡಿ.