ಬಳೆ ಏರುತ್ತಾ?

ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ ಕೈ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ನಾನು. ಮೊದಲೆಲ್ಲ ಚೆಕಪ್‌ಗೆ ಬಂದವರನ್ನು ಒಂದೇ ಮಾತು ಕೇಳುತ್ತಿದ್ದೆ: "ಏನಾದರೂ ತೊಂದರೆ ಇದೆಯಾ?" ಉತ್ತರವೂ ಒಂದೇ. "ಏನಿಲ್ರಿ ಮೇಡಂ, ಆರಾಮ ಅದೀನ್ರಿ." ಅದನ್ನೇ ಬರೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದೆ.

ಹಾವೇರಿ ಕಡೆಯವರೊಬ್ಬರು ಹೀಗೇ ಆರಾಮ ಅಂತ ಹೇಳಿ ಎದ್ದರು. ಸೆರಗು ಸರಿ ಮಾಡಿಕೊಳ್ಳುವಾಗ ಕಣ್ಣಿಗೆ ಬಿತ್ತು. ಎಡಗೈ ತುಂಬ ಹಸಿರು ಗಾಜಿನ ಬಳೆ, ಬಲಗೈ ಖಾಲಿ. ಆಪರೇಷನ್ ಆಗಿದ್ದು ಬಲಗಡೆ. ಯಾಕೆ ಅಂತ ಕೇಳಿದೆ.

"ಎರಡ್ ತಿಂಗಳಾತ್ರಿ, ಬಳಿ ಏರವಲ್ವು. ಬರಿಗೈಲೆ ಇರಬಾರದಂತ ಅತ್ತಿ ಬೈತಾರ."

ಟೇಪ್ ಹಿಡಿದು ಅಳೆದೆ. ಆ ಮುಂಗೈ ಸುತ್ತಳತೆ ಎಡಗೈಗಿಂತ 3 ಸೆಂಟಿಮೀಟರ್ ಜಾಸ್ತಿ. 2 ಸೆಂಟಿಮೀಟರ್ ವ್ಯತ್ಯಾಸ ಕಂಡರೇ ನಾವು ಎಚ್ಚರಾಗಬೇಕು.

ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿ ತೆಗೆದಾಗ ದುಗ್ಧರಸ, ಅಂದರೆ ಮೈಯೊಳಗಿನ ಲಿಂಫ್ ಎಂಬ ನೀರು, ವಾಪಸ್ ಹರಿಯುವ ದಾರಿ ತಪ್ಪುತ್ತದೆ. ಕೆಲವರಿಗೆ ಅದು ಕೈಯಲ್ಲೇ ನಿಂತು ಕೈ ಬಾಯುತ್ತದೆ. ಇದೇ ಲಿಂಫೆಡಿಮಾ. ಆಪರೇಷನ್ ಆಗಿ ವರ್ಷಗಳಾದ ಮೇಲೂ ಬರಬಹುದು. ಬೇಗ ಸಿಕ್ಕರೆ ಕಾಲುಚೀಲದಂತೆ ತೋಳಿಗೆ ಹಾಕುವ ಬಿಗಿ ತೋಳುಚೀಲ, ವ್ಯಾಯಾಮದಲ್ಲಿ ಹಿಡಿತಕ್ಕೆ ಬರುತ್ತದೆ. ತಡವಾದರೆ ಬಾತ ಕೈ ಗಟ್ಟಿಯಾಗಿಬಿಡಬಹುದು.

ಅವತ್ತಿಂದ ನನ್ನ ಪ್ರಶ್ನೆ ಬದಲಾದವು. ಬಳೆ ಏರುತ್ತಾ? ಜಂಪರ್ ತೋಳು ಬಿಗಿ ಆಗಿದೆಯಾ? ರೊಟ್ಟಿ ಬಡಿದ ಮೇಲೆ ಕೈ ಭಾರ ಅನಿಸುತ್ತಾ? ಜೊತೆಗೆ ಬಂದ ಗಂಡನನ್ನೋ ಮಗನನ್ನೋ ಮೊದಲು ಚಹಾಕ್ಕೆ ಕಳಿಸುತ್ತೇನೆ. ಅವರು ಬಾಗಿಲು ದಾಟಿದ ಮೇಲೇ ಮಾತು ಶುರು. ಸ್ತನ ತೆಗೆದ ಕಡೆ ಜಂಪರ್ ಒಳಗೆ ಹಳೇ ಲಂಗದ ಬಟ್ಟೆ ತುರುಕಿಕೊಂಡಿರುತ್ತಾರೆ. ಭಾರ ಇಲ್ಲದ್ದಕ್ಕೆ ಅದು ಮೇಲೆ ಸರಿಯುತ್ತೆ, ಮದುವೆ ಮನೆಗೆ ಹೋಗಲು ನಾಚಿಕೆ. ಸಿಲಿಕೋನಿನ ಕೃತಕ ಸ್ತನ ದುಬಾರಿ. ಗಾಯ ಪೂರ್ತಿ ಮಾಗಿದ ಮೇಲೆ ಮೆತ್ತನೆ ಹತ್ತಿ ಚೀಲದಲ್ಲಿ ಸ್ವಲ್ಪ ಸಾಸಿವೆ ಹಾಕಿ ಹೊಲಿಸಿ, ಇನ್ನೊಂದು ಕಡೆಗೆ ಸಮ ಬರಲಿ ಅಂತೀನಿ. ಅಳತೆ ಕೊಟ್ಟರೆ ಸಾಕು, ಯಾವ ಟೇಲರ್ ಆದರೂ ಹೊಲಿಯುತ್ತಾನೆ.

ಅಡುಗೆಮನೆಯ ಸಣ್ಣ ಗಾಯ, ಸುಟ್ಟಿದ್ದು ಆಪರೇಷನ್ ಆದ ಕಡೆಯ ಕೈಗೆ ಜಾಸ್ತಿ ಅಪಾಯ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಬನ್ನಿ ಅಂತ ಎರಡು ಸಲ ಹೇಳುತ್ತೇನೆ.

ಹಾವೇರಿಯವರು ಬೇಸಿಗೆಯಲ್ಲಿ ತೋಳುಚೀಲಕ್ಕೆ ಬೈದುಕೊಂಡೇ ಹಾಕಿದರು. ಬಲಗೈಗೆ ಗಾಜು ಬೇಡ ಅಂದಿದ್ದಕ್ಕೆ ಸಡಿಲವಾದ ಪ್ಲಾಸ್ಟಿಕ್ ಬಳೆ ತಂದರು. ಈಗ ಒಳಗೆ ಬರುವ ಮೊದಲೇ, ಸಾಲಿನಲ್ಲಿ ನಿಂತಲ್ಲಿಂದಲೇ, ಕೈ ಎತ್ತಿ ಬಳೆ ಮೊಣಕೈವರೆಗೆ ಜಾರಿಸಿ ತೋರಿಸುತ್ತಾರೆ.